ದಾನದಿಂದ ದಾಸೋಹದೆಡೆಗೆ: ದಾವಣಗೆರೆ–ಹರಿಹರ ಸೀಮೆಯ ಸಾರ್ವಜನಿಕ ಶಾಲೆಗಳು

ಶರಣರು ದಾನವೆಂಬ ಮಾತಿಗಿಂತ ದಾಸೋಹವೆಂಬ ಮಾತನ್ನು ಹಿರಿದೆಂದು ಎಣಿಸಿದರು. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಾದರೋ ಕೊಡುವವನೇ ದಾಸನು. ದಾನವು ಒಮ್ಮೆ ಕೊಟ್ಟು ಮುಗಿಯಬಹುದು. ದಾಸೋಹವು ನಿತ್ಯವೂ ನಡೆಯಬೇಕಾದದ್ದು. ಈ ಎರಡರ ಅಂತರವನ್ನು ತಿಳಿಯಲು ಧರ್ಮಗ್ರಂಥಗಳನ್ನಷ್ಟೇ ನೋಡಬೇಕೆಂದಿಲ್ಲ. ದಾವಣಗೆರೆ ಮತ್ತು ಹರಿಹರಗಳ ಸಾರ್ವಜನಿಕ ಶಾಲೆಗಳ ಚರಿತ್ರೆಯನ್ನು ಅವಲೋಕಿಸಿದರೂ ಅದು ಮನದಟ್ಟಾಗುತ್ತದೆ.

ತುಂಗಭದ್ರೆಯ ತಟದ ಹರಿಹರವು ಪ್ರಾಚೀನ ಕ್ಷೇತ್ರ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಕ್ರಿ.ಶ. 1224ರ ಸುಮಾರಿಗೆ ಅಲ್ಲಿ ಹರಿಹರೇಶ್ವರ ದೇಗುಲವನ್ನು ಕಟ್ಟಿಸಿದನು. ಆ ಕಾಲದ ವಿದ್ಯೆಗೆ ಅಗ್ರಹಾರ, ದೇಗುಲ ಮತ್ತು ಮಠಗಳು ಆಶ್ರಯವಾಗಿದ್ದವು. ಮುಂದೆ ಹಳ್ಳಿಹಳ್ಳಿಗಳಲ್ಲಿ ಕೂಲಿಮಠಗಳು ನಡೆದವು. ಮಠದ ಅಯ್ಯನವರೋ ಊರ ಲೆಕ್ಕ ಬಲ್ಲವರೋ ಮಕ್ಕಳನ್ನು ಮರಳಿನ ಮೇಲೆ ತಿದ್ದಿಸುತ್ತಿದ್ದರು. ಊರವರು ಅವರಿಗೆ ಕಾಳುಕಡಿಯನ್ನೋ ಹಣವನ್ನೋ ಸಲ್ಲಿಸುತ್ತಿದ್ದರು. ಇಲ್ಲಿ ಶಾಲೆಯು ಊರಿನದಾಗಿತ್ತು, ದಿಟ. ಆದರೆ ಊರಿನ ಎಲ್ಲರದೂ ಆಗಿರಲಿಲ್ಲ. ಹೆಣ್ಣುಮಕ್ಕಳೂ ದಲಿತರ ಮಕ್ಕಳೂ ಬಹುಮಟ್ಟಿಗೆ ಅದರ ಹೊರಗೇ ಉಳಿದರು. ಕಾಯಕಜೀವಿಗಳೂ ಶರಣೆಯರೂ ವಚನಗಳನ್ನು ನುಡಿದ ನಾಡಿನಲ್ಲಿ ಈ ಕೊರತೆಯು ಸಣ್ಣದೆಂದು ಹೇಳಲಾಗದು.

ಎಲ್ಲರಿಗೂ ತೆರೆದ ಶಾಲೆಯ ಕಲ್ಪನೆಯು ಮೈಸೂರು ಸಂಸ್ಥಾನದಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡಿತು. ಶಾಸನ ಸಂಶೋಧಕರೆಂದು ಸಾಹಿತ್ಯಾಭ್ಯಾಸಿಗಳಿಗೆ ಪರಿಚಿತರಾದ ಬಿ.ಎಲ್. ರೈಸ್ ಅವರು ಶಿಕ್ಷಣ ಇಲಾಖೆಯಲ್ಲಿದ್ದಾಗ, 1868ರ ಸುಮಾರಿನಲ್ಲಿ, ಹೋಬಳಿ ಶಾಲೆಗಳ ಯೋಜನೆಯು ಆರಂಭವಾಯಿತು. ಕಟ್ಟಡಕ್ಕೆ ಊರವರ ನೆರವು, ಉಪಾಧ್ಯಾಯರಿಗೆ ತರಬೇತಿ, ವೆಚ್ಚಕ್ಕೆ ಭೂಕಂದಾಯದೊಡನೆ ವಸೂಲಾಗುವ ಸ್ಥಳೀಯ ಕರದ ಒಂದು ಪಾಲು, ಇವು ಆ ವ್ಯವಸ್ಥೆಯ ಆಧಾರಗಳಾದವು. ಊರು ಮತ್ತು ಸರ್ಕಾರಗಳು ಒಂದೇ ನೊಗಕ್ಕೆ ಹೆಗಲು ಕೊಡಬೇಕೆಂಬ ತತ್ತ್ವವು ಹೀಗೆ ಮೊದಲಿಗೇ ನೆಲೆಗೊಂಡಿತು.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆಯಾಗಿ, ಆಯ್ದ ಪ್ರದೇಶಗಳಲ್ಲಿ ಕಡ್ಡಾಯ ಶಿಕ್ಷಣವು ಮೊದಲಾಯಿತು. 1930ರ ಕಾಯಿದೆಯು ಇನ್ನೂ ಮುಂದೆ ಹೋಗಿ ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ವಹಿಸಿತು. ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಈ ಸೀಮೆಯೂ ಆ ವ್ಯವಸ್ಥೆಗೆ ಒಳಪಟ್ಟಿತು. ಆದರೆ ಪ್ರಯೋಗವು ಹೆಚ್ಚು ಕಾಲ ಬಾಳಲಿಲ್ಲ. 1941ರ ಕಾಯಿದೆಯ ಮೂಲಕ ಸರ್ಕಾರವು ಆಡಳಿತವನ್ನು ಮರಳಿ ತನ್ನ ಕೈಗೆ ತೆಗೆದುಕೊಂಡಿತು. ಇದರಿಂದ ಉಪಾಧ್ಯಾಯರ ಸಂಬಳಕ್ಕೆ ಭದ್ರತೆಯೂ ವ್ಯವಸ್ಥೆಗೆ ಏಕರೂಪತೆಯೂ ಒದಗಿದವೆಂಬುದನ್ನು ಮರೆಯಲಾಗದು. ಆದರೆ 'ನಮ್ಮೂರ ಶಾಲೆ' ಎಂಬುದು ಕ್ರಮೇಣ 'ಸರ್ಕಾರದ ಶಾಲೆ' ಎನಿಸಿಕೊಂಡಿತು. ಮಾತು ಬದಲಾದೊಡನೆ ಮನಸ್ಸೂ ಬದಲಾಯಿತು.

ಈ ನಡುವೆ ದಾವಣಗೆರೆಯು ರೈಲಿನಿಂದಲೂ ಹತ್ತಿಯ ವ್ಯಾಪಾರದಿಂದಲೂ ಬೆಳೆದು ಗಿರಣಿಗಳ ಊರಾಯಿತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಯಿತು. ವ್ಯಾಪಾರದ ಲಾಭದಲ್ಲಿ ಒಂದಂಶವನ್ನು ವಿದ್ಯೆಗೆ ಮೀಸಲಿಡುವ ಪದ್ಧತಿಯು ಈ ಊರಿನ ವರ್ತಕರಲ್ಲಿ ಬೇರೂರಿತು. ಧರ್ಮರತ್ನಾಕರ, ಧರ್ಮಪ್ರಕಾಶ ಮೊದಲಾದ ಬಿರುದುಗಳನ್ನು ಮೈಸೂರು ಅರಸರು ಇಂಥ ಉದಾರಿಗಳಿಗೆ ದಯಪಾಲಿಸುತ್ತಿದ್ದರು. ರಾಜನಹಳ್ಳಿ ಮನೆತನದ ಹೆಸರು ಈ ಸೀಮೆಯ ವಿದ್ಯಾಸಂಸ್ಥೆಗಳ ಫಲಕಗಳಲ್ಲಿ ಇಂದಿಗೂ ಕಾಣಬರುತ್ತದೆ. ದಾವಣಗೆರೆಯ ಮೋತಿ ವೀರಪ್ಪ ಸರ್ಕಾರಿ ಕಾಲೇಜು, ರಾಜನಹಳ್ಳಿ ಸೀತಮ್ಮ ಬಾಲಕಿಯರ ಸರ್ಕಾರಿ ಕಾಲೇಜುಗಳು ಹೆಸರಿನಲ್ಲಿಯೇ ತಮ್ಮ ಚರಿತ್ರೆಯನ್ನು ಹೊತ್ತಿವೆ. 1951ರಲ್ಲಿ ಸ್ಥಾಪಿತವಾದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿಗೂ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಅವರ ಹೆಸರೇ ಇದೆ. ಸಂಸ್ಥೆ ಸರ್ಕಾರದ್ದು, ಹೆಸರು ನಾಗರಿಕರದು. ಪ್ರಜೆಯ ಔದಾರ್ಯವೂ ಪ್ರಭುತ್ವದ ಹೊಣೆಯೂ ಕೂಡಿದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಹೆಣ್ಣುಮಕ್ಕಳ ಶಾಲೆಯೊಂದು ಮಹಿಳೆಯ ಹೆಸರನ್ನು ಧರಿಸಿರುವುದೂ ಗಮನಾರ್ಹ.

ಮಠಗಳ ಸೇವೆಯು ಬೇರೊಂದು ಬಗೆಯದು. ಚಿತ್ರದುರ್ಗ ಬೃಹನ್ಮಠದ ಶ್ರೀ ಜಯದೇವ ಮುರುಘರಾಜೇಂದ್ರ ಮಹಾಸ್ವಾಮಿಗಳವರು ನಾಡಿನ ಹಲವೆಡೆ ಉಚಿತ ಪ್ರಸಾದ ನಿಲಯಗಳನ್ನು ತೆರೆದರು. ಪ್ರಸಾದ ನಿಲಯದ ಹಿರಿಮೆಯನ್ನು ಪಾಠಶಾಲೆಯೊಡನೆ ಇಟ್ಟು ನೋಡಿದಾಗಲೇ ಅರಿಯಬಹುದು. ಹಳ್ಳಿಯ ಬಡ ಬಾಲಕನಿಗೆ ಪಟ್ಟಣದ ಶಾಲೆಯ ಬಾಗಿಲು ತೆರೆದಿದ್ದರೂ, ಉಣ್ಣಲು ಅನ್ನವೂ ಮಲಗಲು ನೆಲೆಯೂ ಇಲ್ಲದಿದ್ದರೆ ಆ ಬಾಗಿಲು ಮುಚ್ಚಿದಂತೆಯೇ. ಮಠವು ಅನ್ನ ಆಶ್ರಯಗಳನ್ನು ನೀಡಿತು. ಸಾರ್ವಜನಿಕ ಶಾಲೆಯು ಅಕ್ಷರವನ್ನು ನೀಡಿತು. ಮಠದ ಕೈಯೂ ಸರ್ಕಾರದ ಕೈಯೂ ಒಂದಕ್ಕೊಂದು ಪೂರಕವಾದವು. ಹಲವಾಗಲಿನಲ್ಲಿ 1902ರಲ್ಲಿ ಜನಿಸಿದ ಎಸ್. ನಿಜಲಿಂಗಪ್ಪನವರು ದಾವಣಗೆರೆ, ಚಿತ್ರದುರ್ಗಗಳ ಶಾಲೆಗಳಲ್ಲಿ ಓದಿ ಮುಂದೆ ರಾಜ್ಯದ ಮುಖ್ಯಮಂತ್ರಿಗಳಾದರು. ಗಡಿಯಾಚೆಯ ಹಳ್ಳಿಯ ಹುಡುಗನೊಬ್ಬನಿಗೆ ಈ ಸೀಮೆಯ ಶಾಲೆ ಏನನ್ನು ಕೊಡಬಲ್ಲುದಾಗಿತ್ತೆಂಬುದಕ್ಕೆ ಅದು ನಿದರ್ಶನ.

1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆಯು ಸ್ಥಾಪಿತವಾದ ಮೇಲೆ ಊರಿನ ಔದಾರ್ಯದ ಪ್ರವಾಹವು ಹೆಚ್ಚಾಗಿ ಖಾಸಗಿ ಆಡಳಿತದ ಸಂಸ್ಥೆಗಳತ್ತ ಹರಿಯಿತು. 1965ರಲ್ಲಿ ಜಗದ್ಗುರು ಜಯದೇವ ಮುರುಘರಾಜೇಂದ್ರರ ಹೆಸರಿನ ವೈದ್ಯಕೀಯ ಕಾಲೇಜು ಬಂದಿತು. ದಾವಣಗೆರೆಯು ವಿದ್ಯಾನಗರಿಯೆನಿಸಿದ್ದು ಈ ಸಂಸ್ಥೆಗಳಿಂದಲೇ. ಅವುಗಳ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅನುಕೂಲಸ್ಥರ ಮಕ್ಕಳು ಸರ್ಕಾರಿ ಶಾಲೆಯನ್ನು ತೊರೆದಂತೆ, ಆ ಶಾಲೆಯ ಪರವಾಗಿ ಗಟ್ಟಿಯಾಗಿ ಕೇಳುವ ಧ್ವನಿಯೂ ಕ್ಷೀಣಿಸಿತು. ಗಿರಣಿಗಳು ಒಂದೊಂದಾಗಿ ನಿಂತಾಗ, ಕಾರ್ಮಿಕರ ಮಕ್ಕಳಿಗೆ ಉಳಿದ ಆಸರೆಯು ಅದೇ ಸರ್ಕಾರಿ ಶಾಲೆ.

ಕಾಯಿದೆಗಳು ಊರಿಗೆ ಶಾಲೆಯನ್ನು ಮರಳಿಸಲು ಯತ್ನಿಸದೆ ಇಲ್ಲ. ಅಬ್ದುಲ್ ನಜೀರ್ ಸಾಬರ ಆಸಕ್ತಿಯಿಂದ ರೂಪುಗೊಂಡ ಜಿಲ್ಲಾ ಪರಿಷತ್ತುಗಳು 1987ರಲ್ಲಿ ಅಸ್ತಿತ್ವಕ್ಕೆ ಬಂದವು. ಸಂವಿಧಾನದ 73ನೆಯ ತಿದ್ದುಪಡಿಯ ಹನ್ನೊಂದನೆಯ ಅನುಸೂಚಿಯು ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳನ್ನು ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸ್ಪಷ್ಟವಾಗಿ ಹೆಸರಿಸಿತು. ನಗರಸಭೆಗಳ ಹನ್ನೆರಡನೆಯ ಅನುಸೂಚಿಯಲ್ಲಾದರೋ ಶಿಕ್ಷಣವು ಸಂಸ್ಕೃತಿ, ಸೌಂದರ್ಯಾಭಿರುಚಿಗಳ ಜೊತೆಗೆ ಪ್ರೋತ್ಸಾಹಿಸಬೇಕಾದ ಒಂದು ಅಂಶವಾಗಿ ಮಾತ್ರ ಬರುತ್ತದೆ. 2007ರಲ್ಲಿ ಮಹಾನಗರಪಾಲಿಕೆಯಾದ ದಾವಣಗೆರೆಗೂ ನಗರವಾದ ಹರಿಹರಕ್ಕೂ ಈ ಅಂತರವು ಕೇವಲ ಅಕ್ಷರದ್ದಲ್ಲ. ಹಳ್ಳಿಯ ಶಾಲೆಯ ಸೂರು ಸೋರಿದರೆ ಪಂಚಾಯತಿಯನ್ನು ಕೇಳುವವರಿದ್ದಾರೆ. ಪಟ್ಟಣದ ಶಾಲೆಯ ಸೂರು ಸೋರಿದರೆ ವಾರ್ಡಿನ ಸದಸ್ಯನನ್ನು ಕೇಳಬೇಕೆಂದು ತೋಚುವುದೇ ಅಪರೂಪ.

2001ರಲ್ಲಿ ರಾಜ್ಯ ಸರ್ಕಾರವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿ, ಪಾಲಕರನ್ನೇ ಅವುಗಳ ಕೇಂದ್ರವಾಗಿಸಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲಾ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೂ ಅರ್ಧದಷ್ಟು ಮಹಿಳೆಯರೂ ಇರಬೇಕೆಂದಿತು. ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿಗಳಿಗೂ ಅಲ್ಲಿ ಸ್ಥಾನ ಕೊಟ್ಟಿತು. ಕೂಲಿಮಠದ ಹೊರಗೆ ನಿಂತಿದ್ದ ತಾಯಿಯು ಇಂದು ಶಾಲೆಯ ಯೋಜನೆಯನ್ನು ರೂಪಿಸುವ ಮಣೆಯ ಮೇಲೆ ಕುಳಿತುಕೊಳ್ಳಬಹುದು. ಆದರೆ ಸಭೆಯ ಪುಸ್ತಕದಲ್ಲಿ ಆಕೆಯ ಸಹಿಯಷ್ಟೇ ಬೀಳುವುದೋ, ಮಾತೂ ಬೀಳುವುದೋ ಎಂಬುದರ ಮೇಲೆ ಆ ಕಾಯಿದೆಯ ಸಾರ್ಥಕತೆಯು ನಿಂತಿದೆ.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಮರಳಿ ಸುರಿದುಬರಲು ಹೇಳಿದ ಪ್ರಸಂಗವು ಭಕ್ತರೆಲ್ಲರಿಗೂ ತಿಳಿದದ್ದು. ಆ ದಂಪತಿಗಳ ದಾಸೋಹವು ರಾಶಿಯ ಗಾತ್ರವನ್ನು ನೆಚ್ಚಲಿಲ್ಲ, ನಿತ್ಯದ ಕಾಯಕವನ್ನು ನೆಚ್ಚಿತು. ಶಾಲೆಗೂ ಅದೇ ನ್ಯಾಯ ಸಲ್ಲುತ್ತದೆ. ಕಟ್ಟಡ ಕಟ್ಟಿಸಿದ ಹಿರಿಯರ ದಾನವು ವಂದನೀಯ. ಆದರೆ ಗೋಡೆಗೆ ಸುಣ್ಣ ಬಳಿದಿದೆಯೇ, ಕುಡಿಯುವ ನೀರು ಬರುತ್ತಿದೆಯೇ, ಉಪಾಧ್ಯಾಯರ ಸ್ಥಾನ ಖಾಲಿಯಿದೆಯೇ, ಶಾಲೆ ಬಿಟ್ಟ ಮಗುವಿನ ಮನೆಗೆ ಯಾರು ಹೋದರು ಎಂದು ವಾರವಾರವೂ ಕೇಳುವವರು ಬೇಕು. ಹಾಗೆ ಕೇಳುವುದೇ ಈ ಕಾಲದ ದಾಸೋಹ. ಅದನ್ನು ಮಾಡಲು ಸಿರಿವಂತಿಕೆ ಬೇಕಿಲ್ಲ. ಶಾಲೆ ತನ್ನದೆಂಬ ಭಾವವಿದ್ದರೆ ಸಾಕು.