ಬಿಳಿಜೋಳದ ಹೊಲವೂ ರೊಟ್ಟಿಯ ಒಲೆಯೂ

ಭೀಮಾ, ಕೃಷ್ಣಾ, ಮಲಪ್ರಭಾ ನದಿಗಳ ಸುತ್ತಣ ಎರೆಭೂಮಿಯು ಬಹುಕಾಲದಿಂದ ಬಿಳಿಜೋಳದ ನೆಲೆವೀಡಾಗಿರುವದು. ಮಳೆಗಾಲದ ನೀರನ್ನು ಒಡಲಲ್ಲಿ ಹಿಡಿದಿಡುವ ಈ ನೆಲದಲ್ಲಿ ಸಪ್ಟಂಬರ-ಅಕ್ಟೋಬರ ತಿಂಗಳುಗಳಲ್ಲಿ ಕೂರಿಗೆ ಹೂಡಿದರೆ, ಮುಂದೆ ಮಳೆ ಕಡಿಮೆಯಾದರೂ ಜೋಳವು ಹಸಿಯ ಬಲದಿಂದಲೇ ತೆನೆಗಟ್ಟುವದು. ಕಾಳು ಮನೆಗೆ, ಕಣಿಕೆ ಎತ್ತುಗಳಿಗೆ, ಮಿಕ್ಕದ್ದು ಬರಗಾಲಕ್ಕೆಂದು ಹಗೇವಿಗೆ. ಇದೇ ಈ ನಾಡಿನ ಒಕ್ಕಲುತನದ ಕ್ರಮವಾಗಿದ್ದಿತು.

ಈ ಕ್ರಮವು ಸಡಿಲಿದುದು ಇಂದು ನಿನ್ನೆಯ ಮಾತಲ್ಲ. 1861 ರಿಂದ 1865 ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದಾಗ ಹತ್ತಿಯ ಬೆಲೆ ಏರಿ, ಧಾರವಾಡ ಪ್ರಾಂತದ ಅನೇಕ ಹೊಲಗಳು ಹತ್ತಿಗೆ ತಿರುಗಿದವು, ಕಾಳುಕಡಿ ತುಟ್ಟಿಯಾದವು. ಮುಂದೆ 1876-78 ರ ಘೋರ ಕ್ಷಾಮವು ಧಾರವಾಡ, ಕಲಾದಗಿ ಜಿಲ್ಲೆಗಳನ್ನು ನಡುಗಿಸಿತು. ಹಣದ ಬೆಳೆ ಎಷ್ಟೇ ಬಂದರೂ ಮನೆಯಲ್ಲಿ ಕಾಳಿಲ್ಲದವನಿಗೆ ಧೈರ್ಯವಿಲ್ಲವೆಂಬುದನ್ನು ಜನರು ಆಗ ಕಂಡುಕೊಂಡರು.

ಎರಡನೆಯ ಇಳಿತವು ಸದ್ದಿಲ್ಲದೆ ಬಂದಿತು. 1960 ರ ದಶಕದ ಕೊನೆಗೆ ಭಾರತದಲ್ಲಿ ಜೋಳದ ಬಿತ್ತನೆಯು ಸುಮಾರು 1.8 ಕೋಟಿ ಹೆಕ್ಟೇರುಗಳಲ್ಲಿದ್ದಿತು. 2020 ರ ನಂತರ ಅದು 40 ಲಕ್ಷದ ಆಸುಪಾಸಿಗೆ ಇಳಿಯಿತು. ಕಾಲುವೆಯ ನೀರು ಬಂದೆಡೆ ಕಬ್ಬು ಬಂದಿತು. 1964 ರಿಂದ ಬಂದ ಸಂಕರ ಜೋಳವು ಹೆಚ್ಚು ಕಾಳು ಕೊಟ್ಟರೂ, ಮುಂಗಾರಿನ ತೆನೆಯು ಮಳೆಗೆ ಸಿಕ್ಕು ಕಪ್ಪಾಗುತ್ತಿದ್ದಿತು. ಗಿಡ್ಡ ದಂಟಿನಿಂದ ಮೇವೂ ಸಾಲದಾಯಿತು. ಹಿಂಗಾರಿಯಲ್ಲಿ ಮಾತ್ರ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದ ಮಾಲದಂಡಿ ತಳಿಯು ರೈತನ ಕೈ ಬಿಡಲಿಲ್ಲ. 2013 ರಲ್ಲಿ ಅನ್ನಭಾಗ್ಯದ ಅಕ್ಕಿಯು ಕಿಲೋಗೆ 1 ರೂಪಾಯಿಯಂತೆ ದೊರೆತು ಬಡವರ ಹಸಿವು ತಣಿಯಿತು. ಆದರೆ ಅಷ್ಟು ಅಗ್ಗದ ಅಕ್ಕಿಯ ಎದುರಿನಲ್ಲಿ ಜೋಳವು ದುಬಾರಿಯಾಗಿ ತೋರಿತು.

ಇನ್ನೊಂದು ಕಾರಣವನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ. ಗೋಧಿಯ ಜಿಗಿತನವು ಜೋಳದ ಹಿಟ್ಟಿಗಿಲ್ಲ. ಎಸರಿನ ನೀರು ಹಾಕಿ ನಾದಿ, ಅಂಗೈಯಿಂದ ಬಡಿದು, ಹಂಚಿನ ಮೇಲೆ ನೀರು ಸವರಿ ಬೇಯಿಸಬೇಕು. ಹೊಗೆಯ ಮುಂದೆ ನಸುಕಿನಲ್ಲಿಯೇ ಕುಳಿತು ಈ ದುಡಿಮೆಯನ್ನು ನಡೆಯಿಸಿದವರು ತಾಯಂದಿರು. ಅವರ ಶ್ರಮಕ್ಕೆ ಬೆಲೆ ಕಟ್ಟದ ಸಮಾಜವು, ಹೊಸ ಸೊಸೆಗೆ ರೊಟ್ಟಿ ಬಾರದೆಂದು ದೂರುವದು ನ್ಯಾಯವಲ್ಲ.

ಈಗ ಪುನರುಜ್ಜೀವನದ ಲಕ್ಷಣಗಳು ಕಾಣುತ್ತಿವೆ. ಮಾಲದಂಡಿ ಜೋಳದ ಬೆಂಬಲ ಬೆಲೆಯು 2014-15 ರಲ್ಲಿ ಕ್ವಿಂಟಲಿಗೆ 1,550 ರೂಪಾಯಿ ಇದ್ದುದು 2024-25 ರಲ್ಲಿ 3,421 ಕ್ಕೆ ಏರಿತು. ಕಲಬುರ್ಗಿಯ ಮಹಿಳೆಯರು ಸಂಘ ಕಟ್ಟಿ ರೊಟ್ಟಿಯನ್ನು ಊರ ಹೆಸರಿನಿಂದಲೇ ಮಾರತೊಡಗಿದರು. 2025 ರ ಜೂನ್ ತಿಂಗಳಲ್ಲಿ ಪ್ರಧಾನಮಂತ್ರಿಗಳು ತಮ್ಮ ಆಕಾಶವಾಣಿ ಭಾಷಣದಲ್ಲಿ ಅದನ್ನು ಕೊಂಡಾಡಿದರು. ಮಠಗಳಂತೂ ಈ ಅನ್ನವನ್ನು ಮರೆತಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಬರುವವು. ಡಂಬಳದ ರೊಟ್ಟಿ ಜಾತ್ರೆಯಲ್ಲಿ ಎಲ್ಲ ಜಾತಿಯವರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವರು.

ಬಿತ್ತಿದವನಿಗೂ ಬಡಿದವಳಿಗೂ ತಕ್ಕ ಪ್ರತಿಫಲ ದೊರೆತಲ್ಲಿಯೇ ಜೋಳವು ನಿಲ್ಲುವದು. ಹೊಲದ ಕಾಯಕವನ್ನು ಗೌರವಿಸಿ ಒಲೆಯ ಕಾಯಕವನ್ನು ಮರೆತರೆ ದಾಸೋಹವು ಪೂರ್ಣವಾಗದು. ಇದನ್ನು ಭಕ್ತರು ತಮ್ಮ ತಮ್ಮ ಮನೆಗಳಲ್ಲಿಯೇ ಮೊದಲು ಆಚರಿಸತಕ್ಕದ್ದು.