ಹಬ್ಬದ ಚಿತ್ರಕ್ಕೆ ಬಿದ್ದ ಕತ್ತರಿ

ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯಲ್ಲಿ, ಸಂಕ್ರಾಂತಿಯ ಹೊತ್ತಿಗೆ, ಏಳು ನಂದಿಧ್ವಜಗಳು 68 ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ಹೊತ್ತಾಯಿತೆಂದು ಒಂದು ಲಿಂಗವನ್ನೂ ಬಿಡುವುದಿಲ್ಲ. ಹಬ್ಬದ ಟಿವಿ ಸಿನಿಮಾಕ್ಕೆ ಆ ಮರ್ಯಾದೆಯಿಲ್ಲ; ಜಾಹೀರಾತಿಗಾಗಿ ಅದನ್ನು ಕತ್ತರಿಸುತ್ತಾರೆ. ವಾಹಿನಿಗಳ ಜಾಹೀರಾತಿಗೂ ಅನ್ವಯಿಸುವ ಕೇಬಲ್ ಟಿವಿ ನಿಯಮಗಳು ಬಂದದ್ದು 1994ರಲ್ಲಿ. ಗಂಟೆಗೆ 12 ನಿಮಿಷದ ಜಾಹೀರಾತು ಮಿತಿಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2013ರಲ್ಲಿ ಬಿಗಿಗೊಳಿಸಿತು, ವಾಹಿನಿಗಳು ನ್ಯಾಯಾಲಯಕ್ಕೆ ಹೋದವು. ಆ ಮಿತಿ ಪಾಲಿಸಿದರೂ ಮೂರು ಗಂಟೆಯ ಅವಧಿಯಲ್ಲಿ ಚಿತ್ರಕ್ಕೆ ಉಳಿಯುವುದು 144 ನಿಮಿಷ. ಮೂರು ಗಂಟೆಯ ಹಳೆಯ ಚಿತ್ರವಾದರೆ 36 ನಿಮಿಷಕ್ಕೆ ಕತ್ತರಿ; ಮೊದಲು ಹೋಗುವುದು ಹಾಡು. ಜಾಹೀರಾತಿಲ್ಲದೆ ವಾಹಿನಿ ನಡೆಯದು ಎಂಬ ವಾದ ನಿಜವೇ. ಆದರೆ ಹಣ ಬೇಕೆಂದರೆ ಅವಧಿ ಹಿಗ್ಗಿಸಬಹುದು, ಚಿತ್ರವನ್ನೇ ಕುಗ್ಗಿಸಬೇಕಿಲ್ಲ. ಸೊಲ್ಲಾಪುರದ ಬಳಿಯ, ಮರಾಠಿ ಆಡಳಿತದ ಅಕ್ಕಲಕೋಟೆಯ ಕನ್ನಡ ಮನೆಗಳಿಗೆ ಟಿವಿಯೂ ಒಂದು ಕನ್ನಡ ಶಾಲೆ; ಹಾಡು ಕತ್ತರಿಸಿದರೆ ಪಾಠವೇ ಹೋದಂತೆ. ವಾಹಿನಿಗಳೇ, ಎಷ್ಟು ನಿಮಿಷ ಕತ್ತರಿಸಿದ್ದೀರೆಂದು ಚಿತ್ರದ ಆರಂಭದಲ್ಲೇ ತಿಳಿಸಿ.