ತಣ್ಣಗಾದ ಅಂಗೈ

ಘೋಡಗೇರಿ, ಹುಕ್ಕೇರಿ, ಗೋಕಾಕ ಸೀಮೆಯಲ್ಲಿ ಕಬ್ಬಿನ ರವದಿ ಎತ್ತುವಾಗಲೋ ಕುಳ್ಳಿನ ಗೂಡಿಗೆ ಕೈ ಹಾಕಿದಾಗಲೋ ಚೇಳು ಕಡಿದರೆ ಎಲ್ಲರೂ ಕೇಳುವುದು ಒಂದೇ: "ಉರಿ ಎಲ್ಲೀತನಕ ಏರೇತಿ?" ಮಂತ್ರ ಹಾಕುವವರ ಲೆಕ್ಕವೂ ಉರಿಯದೇ. ಆದರೆ ಕೆಂಪು ಚೇಳು ಕಡಿದಾಗ ಹೆದರಬೇಕಾದ್ದು ಉರಿಗಲ್ಲ. ನೋವೆಂದು ಹೆಚ್ಚು ಅಳದ ಮಗು ವಾಂತಿ ಮಾಡಿ, ಬೆವರಿ ತೊಯ್ದು, ಅದರ ಅಂಗೈ ಅಂಗಾಲು ತಣ್ಣಗಾದರೆ ತಡಮಾಡದೆ ದವಾಖಾನೆಗೆ ಒಯ್ಯಬೇಕು.

ಆ ತಣ್ಣನೆಯ ಅಂಗೈ ಅರ್ಥವಾಗಲು ಶರೀರಶಾಸ್ತ್ರಕ್ಕೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ರಕ್ತ ಸುತ್ತುತ್ತದೆ ಎಂದು ಹಾರ್ವೆ 1628ರಲ್ಲೇ ತೋರಿಸಿದ್ದ. ಆ ಹರಿವಿಗೆ ಲಗಾಮು ಹಾಕುವವರು ಯಾರೆಂಬುದು ಮಾತ್ರ ಬಹುಕಾಲ ಗೊತ್ತಿರಲಿಲ್ಲ. 1845ರಲ್ಲಿ ವೆಬರ್ ಸೋದರರು ವೇಗಸ್ ನರಕ್ಕೆ ವಿದ್ಯುತ್ ಹಾಯಿಸಿದಾಗ ಹೃದಯ ನಿಧಾನವಾಗಿ ನಿಂತೇಬಿಟ್ಟಿತು. ಕೆಲವೇ ವರ್ಷಗಳಲ್ಲಿ ಪ್ಯಾರಿಸ್ಸಿನ ಕ್ಲಾಡ್ ಬರ್ನಾರ್ ಮೊಲದ ಕುತ್ತಿಗೆಯ ಅನುವೇದಕ ನರ ಕತ್ತರಿಸಿದ. ಆ ಬದಿಯ ಕಿವಿ ಬೆಚ್ಚಗಾಯಿತು. ಅದೇ ನರವನ್ನು ಕೆರಳಿಸಿದರೆ ಕಿವಿ ಬಿಳಿಚಿ ತಣ್ಣಗಾಗುತ್ತಿತ್ತು. ಮೊಲದ ಕಿವಿಗಾದದ್ದೇ ನಮ್ಮ ಮಗುವಿನ ಅಂಗೈಗೂ ಆಗುವುದು.

1894ರಲ್ಲಿ ಆಲಿವರ್ ಮತ್ತು ಶೇಫರ್ ಅಡ್ರೀನಲ್ ಗ್ರಂಥಿಯ ಸಾರ ಚುಚ್ಚಿದರೆ ರಕ್ತದೊತ್ತಡ ಜಿಗಿಯುವುದನ್ನು ಕಂಡರು. ಒತ್ತಡ ಏರಿಸುವ ಮೂತ್ರಪಿಂಡದ ರೆನಿನ್ 1898ರಲ್ಲಿ ಗೊತ್ತಾಯಿತು. ಆದರೆ ನರದ ಅಪ್ಪಣೆ ಹೃದಯಕ್ಕೆ ಮುಟ್ಟುವುದು ಹೇಗೆ? ಆಟೋ ಲೋವಿಗೆ ಉತ್ತರ ಕನಸಿನಲ್ಲಿ ಬಂತಂತೆ. ಎದ್ದು ಗೀಚಿಟ್ಟದ್ದು ಬೆಳಿಗ್ಗೆ ಓದಲಾಗಲಿಲ್ಲ. ಮರುರಾತ್ರಿ ಮತ್ತೆ ಅದೇ ಕನಸು. ಈ ಸಲ ನೆಟ್ಟಗೆ ಪ್ರಯೋಗಶಾಲೆಗೇ ನಡೆದ. ಒಂದು ಕಪ್ಪೆಯ ಹೃದಯದ ವೇಗಸ್ ಕೆರಳಿಸಿ, ಅದು ಮುಳುಗಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ ಅದರ ಬಡಿತವೂ ಇಳಿಯಿತು. ನರವೂ ರಸದ ಮೂಲಕವೇ ಮಾತಾಡುತ್ತದೆ ಎಂದು 1921ರಲ್ಲಿ ತಿಳಿದದ್ದು ಹೀಗೆ. ಅಂದಿನಿಂದ ನರದ ಕೆಲಸ ಬೇರೆ, ಹಾರ್ಮೋನಿನ ಕೆಲಸ ಬೇರೆ ಎಂಬ ಗೆರೆ ಮಸುಕಾಗುತ್ತ ಬಂತು.

1948ರಲ್ಲಿ ಆಲ್ಕ್ವಿಸ್ಟ್ ಅಡ್ರಿನಲಿನ್ ಹಿಡಿಯುವ ಗ್ರಾಹಕಗಳಲ್ಲಿ ಆಲ್ಫಾ, ಬೀಟಾ ಎಂದು ಎರಡು ಬಗೆ ಇವೆಯೆಂದ. ಆ ಪ್ರಬಂಧವನ್ನು ಮೊದಲು ಒಂದು ಪತ್ರಿಕೆ ತಿರಸ್ಕರಿಸಿತ್ತು! ಮರುವರ್ಷವೇ ಮುಂಬಯಿಯ ರುಸ್ತುಂ ವಕೀಲ್ ನಮ್ಮ ಸರ್ಪಗಂಧ ರಕ್ತದೊತ್ತಡ ಇಳಿಸುವುದನ್ನು ಬ್ರಿಟಿಷ್ ಪತ್ರಿಕೆಯಲ್ಲಿ ಬರೆದರು. ಅದರಲ್ಲಿನ ರಿಸರ್ಪಿನ್ ನರತುದಿಗಳ ನಾರ್‌ಅಡ್ರಿನಲಿನ್ ದಾಸ್ತಾನನ್ನೇ ಬರಿದು ಮಾಡುತ್ತದೆಂಬುದು ಆಮೇಲೆ ತಿಳಿಯಿತು. ಹೃದಯವೂ ಹಾರ್ಮೋನು ಸುರಿಸುತ್ತದೆ ಎಂದು ಡಿ ಬೋಲ್ಡ್ ತೋರಿಸಿದ್ದು 1981ರಲ್ಲಿ.

ಅಷ್ಟರಲ್ಲಿ ಘಟ್ಟದಾಚೆ ಕೊಂಕಣದ ಮಹಾಡ ಭಾಗದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಚೇಳು ಕಡಿದವರ ಮಂಚದ ಪಕ್ಕ ರಾತ್ರಿ ಕಳೆಯುತ್ತಿದ್ದರು. ವಿಷ ನರತುದಿಗಳ ಸೋಡಿಯಂ ಬಾಗಿಲುಗಳನ್ನು ಮುಚ್ಚಗೊಡುವುದಿಲ್ಲ. ಮೊದಲು ಅಸಿಟೈಲ್‌ಕೋಲಿನ್ ಹರಿದು ವಾಂತಿ, ಬೆವರು, ಜೊಲ್ಲು; ಬೆನ್ನಿಗೇ ಅಡ್ರಿನಲಿನ್ ಪ್ರವಾಹ. ಹಿಡಕಲ್ ಡ್ಯಾಮಿಗೆ ನೀರು ನುಗ್ಗುತ್ತಿರುವಾಗ ಗೇಟುಗಳನ್ನೆಲ್ಲ ಇಳಿಸಿದಂತೆ ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿ ಬಾಯಲ್ಲಿ ನೊರೆ ಬರುತ್ತದೆ. ಬಾವಸ್ಕರ್ ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಮಾತ್ರೆ ಕೊಟ್ಟು ನೋಡಿದರು. ಅದು ಆಲ್ಫಾ ಗ್ರಾಹಕವನ್ನು ತಡೆದು ನಾಳ ಸಡಿಲಿಸುತ್ತದೆ. ವಿಷ ಅಡಗಿಸಿದ್ದ ಇನ್ಸುಲಿನ್ನಿಗೂ ದಾರಿ ಬಿಡುತ್ತದೆ. 1986ರಲ್ಲಿ ಲ್ಯಾನ್ಸೆಟ್ ವೈದ್ಯ ಪತ್ರಿಕೆ ಅವರ ವರದಿ ಅಚ್ಚು ಹಾಕಿತು. ಮೊದಲು ನೂರಕ್ಕೆ ಇಪ್ಪತ್ತೈದು–ಮೂವತ್ತರಷ್ಟಿದ್ದ ಸಾವು, ಮಾತ್ರೆ ಬಂದಮೇಲೆ ಒಂದಕ್ಕಿಂತ ಕೆಳಗಿಳಿಯಿತೆಂದು ಅವರ ಲೆಕ್ಕ. 2022ರಲ್ಲಿ ಪದ್ಮಶ್ರೀ ಬಂತು. ನನ್ನ ಮಟ್ಟಿಗೆ ಆಲ್ಫಾ ಗ್ರಾಹಕದ ಕಥೆಯಲ್ಲಿ ಆಲ್ಕ್ವಿಸ್ಟ್‌ನಷ್ಟೇ ದೊಡ್ಡ ಹೆಸರು ಇದು.

ನಮ್ಮ ಕಡೆ ಮುಂಗೈ ಮೇಲೆ ಉಬ್ಬುವ ರಕ್ತನಾಳಕ್ಕೂ 'ನರ' ಅನ್ನುತ್ತೇವೆ. ಪಾಠಪುಸ್ತಕ ಅದನ್ನು ತಪ್ಪೆನ್ನುತ್ತದೆ. ಪ್ರಾಜೋಸಿನ್ ಮಾತ್ರೆಯನ್ನು ಮೂರು ತಾಸಿಗೊಮ್ಮೆ ಕೊಡುತ್ತ ಹೋಗುವುದು ಕೈಕಾಲು ಬೆಚ್ಚಗಾಗಿ, ಬೆವರು ಆರಿ, ಆ ನರಗಳು ಮತ್ತೆ ಎದ್ದು ಕಾಣುವತನಕ.